ಸಿನಿಮಾ ಹೆಸರಿನ ಆಟಿಕೆ ರೈಲು: ಬಾಕ್ಸ್ ಮೇಲೆ ‘ಲೈಸೆನ್ಸ್ಡ್’ ಅಂತ ಇದ್ದರೆ ಮಗುವಿನ ಕೈಗೆ ಕೊಡಬಹುದೇ?

ಕೊಟ್ಟೂರಿನ ತೇರು, ಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ, ಕುರುವತ್ತಿ ಜಾತ್ರೆ, ಇವೆಲ್ಲ ಫೆಬ್ರುವರಿ–ಮಾರ್ಚ್ ಸುಮಾರಿಗೆ ಒಂದರ ಹಿಂದೆ ಒಂದು ಬರುತ್ತವೆ. ಬೆಂಡು ಬತ್ತಾಸಿನ ಅಂಗಡಿಯ ಪಕ್ಕದಲ್ಲೇ ಆಟಿಕೆ ಅಂಗಡಿ. ಅಲ್ಲಿ ಮುಖ ಇರುವ ನೀಲಿ ಎಂಜಿನ್, ಮಂತ್ರವಾದಿ ಶಾಲೆಗೆ ಹೋಗುವ ಕೆಂಪು ಎಂಜಿನ್, ಕಾರ್ಟೂನ್ ಚಿತ್ರ ಅಂಟಿಸಿದ ಬ್ಯಾಟರಿ ರೈಲು ಎಲ್ಲವೂ ಸಾಲಾಗಿ ನಿಂತಿರುತ್ತವೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ಆಟಿಕೆಗಳ ಬಗ್ಗೆ ಫಾರ್ವರ್ಡ್‌ಗಳೂ ಬರುತ್ತವೆ. ಅವುಗಳಲ್ಲಿ ಮೂರು ಮಾತು ಮತ್ತೆ ಮತ್ತೆ ಕಾಣುತ್ತವೆ.

ಒಂದು: ‘ಒರಿಜಿನಲ್ ಲೈಸೆನ್ಸ್ಡ್ ಆಟಿಕೆ ಆದರೆ ಬಣ್ಣದಲ್ಲಿ ವಿಷ ಇರುವುದಿಲ್ಲ.’ ಎರಡು: ‘ಐಎಸ್‌ಐ ಗುರುತು ಇಲ್ಲದ ಮರದ ಗೊಂಬೆಗಳೆಲ್ಲ ನಕಲಿ.’ ಮೂರು: ‘ಲಿಮಿಟೆಡ್ ಎಡಿಷನ್ ಸಿನಿಮಾ ರೈಲನ್ನು ಬಾಕ್ಸ್ ಬಿಚ್ಚದೆ ಇಟ್ಟರೆ ಹತ್ತು ವರ್ಷದಲ್ಲಿ ಲಕ್ಷ ರೂಪಾಯಿ.’

ಮೊದಲ ಎರಡು ತಪ್ಪು. ಮೂರನೆಯದು ಬಹುಪಾಲು ತಪ್ಪು. ಮೊದಲನೆಯದು ಮಕ್ಕಳ ಆರೋಗ್ಯಕ್ಕೆ ಸಂಬಂಧಿಸಿದ್ದು, ಹಾಗಾಗಿ ಅದನ್ನೇ ಮೊದಲು ನೋಡೋಣ.

‘ಲೈಸೆನ್ಸ್’ ಅಂದರೆ ಯಾವುದಕ್ಕೆ ಅನುಮತಿ?

ಒಂದು ಸಿನಿಮಾದ ಹೆಸರು, ಪಾತ್ರದ ಚಿತ್ರ, ಲೋಗೊ ಇವೆಲ್ಲ ಯಾರದೋ ಸ್ವತ್ತು. ಆ ಹೆಸರು ಹಾಕಿ ಆಟಿಕೆ ಮಾಡಿ ಮಾರಲು ಆಟಿಕೆ ಕಂಪನಿ ಆ ಮಾಲೀಕರಿಗೆ ಹಣ ಕೊಟ್ಟು ಒಪ್ಪಂದ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಮಾರಾಟದಲ್ಲಿ ಇಂತಿಷ್ಟು ಪಾಲು ರಾಯಧನ ಎಂದು ಗೊತ್ತುಪಡಿಸಿರುತ್ತಾರೆ. ಬಾಕ್ಸ್ ಮೇಲಿನ ‘ಅಫಿಷಿಯಲ್ ಲೈಸೆನ್ಸ್ಡ್ ಪ್ರಾಡಕ್ಟ್’ ಎಂಬ ಹೊಳೆಯುವ ಸ್ಟಿಕ್ಕರ್ ಹೇಳುವುದು ಈ ವ್ಯವಹಾರವನ್ನು ಮಾತ್ರ. ಬಣ್ಣದಲ್ಲಿ ಏನಿದೆ, ಚಕ್ರ ಕಿತ್ತು ಬರುತ್ತದೆಯೇ, ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಎಂಬ ಯಾವ ಪ್ರಶ್ನೆಗೂ ಅದು ಉತ್ತರ ಕೊಡುವುದಿಲ್ಲ.

ಈ ಒಪ್ಪಂದಗಳು ಎಷ್ಟು ತುಂಡು ತುಂಡಾಗಿ ಹಂಚಿಹೋಗುತ್ತವೆ ಎಂಬುದಕ್ಕೆ ಥಾಮಸ್ ಎಂಬ ನೀಲಿ ಎಂಜಿನ್ ಒಳ್ಳೆಯ ಉದಾಹರಣೆ. ಇಂಗ್ಲೆಂಡಿನ ಪಾದ್ರಿ ಡಬ್ಲ್ಯೂ. ಆಡ್ರಿ ಮಕ್ಕಳಿಗಾಗಿ ಬರೆದ ರೈಲು ಕಥೆಗಳ ಮೊದಲ ಪುಸ್ತಕ ಬಂದದ್ದು 1945ರಲ್ಲಿ. ಮರುವರ್ಷದ ಪುಸ್ತಕದಲ್ಲಿ ಥಾಮಸ್ ಬಂದ. 1984ರಲ್ಲಿ ಟಿವಿ ಸರಣಿ, 2000ದಲ್ಲಿ ಸಿನಿಮಾ. ಬ್ರಿಟನ್ನಿನಲ್ಲಿ ಹಳಿಯ ಮೇಲೆ ಕರೆಂಟಿನಲ್ಲಿ ಓಡುವ ಥಾಮಸ್ ಮಾದರಿಯನ್ನು 1980ರ ದಶಕದಿಂದ ಮಾಡಿದ್ದು ಹಾರ್ನ್‌ಬಿ. ಅಮೆರಿಕದಲ್ಲಿ ಅದೇ ಬಗೆಯ ಮಾದರಿಯನ್ನು ಮಾಡಿದ್ದು ಅದರ ಪ್ರತಿಸ್ಪರ್ಧಿ ಬಾಕ್‌ಮನ್. ಪುಟ್ಟ ಮಕ್ಕಳ ಮರದ ಥಾಮಸ್ ಮೂರನೆಯವರ ಪಾಲು: ಆರ್‌ಸಿ2 ಎಂಬ ಅಮೆರಿಕದ ಕಂಪನಿ. ಒಂದೇ ಪಾತ್ರ, ಮೂರು ಕಂಪನಿ, ಮೂರೂ ‘ಒರಿಜಿನಲ್’. ಆದ್ದರಿಂದ ‘ಇದು ನಿಜವಾದ ಥಾಮಸ್ಸೇ’ ಎಂದು ಕೇಳಿದರೆ ಹೌದು ಎನ್ನಬಹುದು. ಆದರೆ ಅದನ್ನು ತಯಾರಿಸಿದವರು ಯಾರು, ಎಲ್ಲಿ ಎಂಬುದು ಬೇರೆ ಪ್ರಶ್ನೆ.

2007ರಲ್ಲಿ ಏನಾಯಿತು?

2007ರ ಜೂನ್‌ನಲ್ಲಿ ಆರ್‌ಸಿ2 ಕಂಪನಿ ಅಮೆರಿಕದ ಮಾರುಕಟ್ಟೆಯಿಂದ ಸುಮಾರು 15 ಲಕ್ಷ ಮರದ ಥಾಮಸ್ ಆಟಿಕೆಗಳನ್ನು ವಾಪಸ್ ಕರೆಸಿಕೊಂಡಿತು. ಚೀನಾದಲ್ಲಿ ತಯಾರಾದ ಆ ಆಟಿಕೆಗಳ ಕೆಂಪು ಮತ್ತು ಹಳದಿ ಬಣ್ಣದಲ್ಲಿ ಸೀಸ ಇದ್ದದ್ದು ಪತ್ತೆಯಾಗಿತ್ತು. 2005ರ ಜನವರಿಯಿಂದ 2007ರ ಜೂನ್‌ವರೆಗೆ, ಅಂದರೆ ಎರಡೂವರೆ ವರ್ಷ, ಅವು ಮಾರಾಟವಾಗಿದ್ದವು. ಥಾಮಸ್‌ನ ಗೆಳೆಯ, ಕೆಂಪು ಎಂಜಿನ್ ಜೇಮ್ಸ್ ಕೂಡ ಆ ಪಟ್ಟಿಯಲ್ಲಿದ್ದ.

ಇವು ಯಾವುದೋ ಸಂತೆಯ ನಕಲಿ ಮಾಲಲ್ಲ ಎಂಬುದನ್ನು ಗಮನಿಸಿ. ಪಾತ್ರದ ಮಾಲೀಕರಿಂದ ಪೂರ್ತಿ ಲೈಸೆನ್ಸ್ ಪಡೆದು, ದೊಡ್ಡ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಮಾರಾಟವಾದ ಆಟಿಕೆಗಳು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮತ್ತೊಂದು ಸುತ್ತು ವಾಪಸಾತಿ ನಡೆಯಿತು. ಮೊದಲ ಸಲ ಆಟಿಕೆ ಹಿಂದಿರುಗಿಸಿದ ಪೋಷಕರಿಗೆ ಕಂಪನಿ ತಪ್ಪುಕಾಣಿಕೆಯಂತೆ ಕಳಿಸಿದ್ದ ಬೋನಸ್ ಆಟಿಕೆಗಳಲ್ಲೂ ಕೆಲವು ಈ ಎರಡನೇ ಪಟ್ಟಿಗೆ ಸೇರಿದವು! 2009ರಲ್ಲಿ ಆರ್‌ಸಿ2 ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗಕ್ಕೆ 12.5 ಲಕ್ಷ ಡಾಲರ್ ದಂಡ ಕಟ್ಟಿತು.

ಆ ವರ್ಷ ಬೇರೆ ದೊಡ್ಡ ಆಟಿಕೆ ಕಂಪನಿಗಳೂ ಸೀಸದ ಬಣ್ಣದ ಕಾರಣಕ್ಕೆ ಮಾಲು ಹಿಂದಕ್ಕೆ ಪಡೆದವು. ಫಲವಾಗಿ ಅಮೆರಿಕ 2008ರಲ್ಲಿ ಹೊಸ ಕಾನೂನು ತಂದು, ಆಟಿಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 600 ಭಾಗದಿಂದ 90 ಭಾಗಕ್ಕೆ ಇಳಿಸಿತು.

ಸೀಸ ಯಾಕೆ ಇಷ್ಟು ದೊಡ್ಡ ವಿಷಯ?

ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಗಾಢವಾಗಿ, ಬಹಳ ದಿನ ಮಾಸದೆ ಇರಲಿ ಎಂದು ಹಿಂದಿನಿಂದಲೂ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಅಗ್ಗದ ಬಣ್ಣಗಳಲ್ಲಿ ಅದು ಇನ್ನೂ ಸಿಗುತ್ತದೆ. ದೊಡ್ಡವರು ರೈಲನ್ನು ಕಪಾಟಿನಲ್ಲಿ ಇಡುತ್ತಾರೆ. ಒಂದೂವರೆ ವರ್ಷದ ಮಗು ಅದನ್ನು ಬಾಯಿಗೆ ಇಡುತ್ತದೆ. ಚಿಕ್ಕ ಮಕ್ಕಳ ಕರುಳು ದೊಡ್ಡವರ ಕರುಳಿಗಿಂತ ಹೆಚ್ಚು ಸೀಸವನ್ನು ಹೀರಿಕೊಳ್ಳುತ್ತದೆ. ರಕ್ತಕ್ಕೆ ಸೇರಿದ ಸೀಸ ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ: ಕಲಿಕೆ ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ, ರಕ್ತಹೀನತೆಯೂ ಬರಬಹುದು. ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎನ್ನಬಹುದಾದ ಮಟ್ಟ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಜ್ವರದಂತೆ ಎದ್ದು ಕಾಣುವ ಲಕ್ಷಣಗಳೂ ಇರುವುದಿಲ್ಲ. ಅನುಮಾನ ಬಂದರೆ ಇರುವ ದಾರಿ ರಕ್ತಪರೀಕ್ಷೆ ಒಂದೇ, ಅದೂ ವೈದ್ಯರ ಸಲಹೆಯಂತೆ.

ಇದಕ್ಕೆ ಸುತ್ತುವ ಮನೆಮದ್ದಿನ ಫಾರ್ವರ್ಡ್‌ಗಳಿಗೆ ಇಲ್ಲೇ ಉತ್ತರ ಹೇಳಿಬಿಡುತ್ತೇವೆ. ಸೀಸಕ್ಕೆ ವಾಸನೆ ಇಲ್ಲ, ಮೂಸಿ ನೋಡಿದರೆ ಗೊತ್ತಾಗುವುದಿಲ್ಲ. ಆಟಿಕೆಯನ್ನು ಉಪ್ಪುನೀರಿನಲ್ಲಿ ನೆನೆಸಿ ತೊಳೆದರೆ ಮೇಲಿನ ಧೂಳು ಹೋಗುತ್ತದೆ, ಬಣ್ಣದೊಳಗಿನ ಸೀಸ ಹೋಗುವುದಿಲ್ಲ. ಬೆಳ್ಳುಳ್ಳಿ, ನಿಂಬೆರಸ ಕುಡಿಸಿ ‘ವಿಷ ತೆಗೆಯುವ’ ಪ್ರಯೋಗವನ್ನು ಮಗುವಿನ ಮೇಲೆ ಮಾಡಬೇಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆ ಇರುವ ಮಗು ಹೆಚ್ಚು ಸೀಸ ಹೀರಿಕೊಳ್ಳುತ್ತದೆ ಎಂಬುದು ಮಾತ್ರ ನಿಜ. ಹಾಗಾಗಿ ರಾಗಿ, ಸೊಪ್ಪು, ಹಾಲು ಇರುವ ಊಟ ಒಳ್ಳೆಯದೇ. ಆದರೆ ಬಣ್ಣ ಸಿಪ್ಪೆ ಏಳುತ್ತಿರುವ ರೈಲನ್ನು ಕೈಯಿಂದ ತೆಗೆದಿಡದೆ ರಾಗಿ ಅಂಬಲಿ ಕುಡಿಸಿ ಪ್ರಯೋಜನವಿಲ್ಲ.

ಹಾಗಾದರೆ ಬಾಕ್ಸ್ ಮೇಲೆ ಏನು ನೋಡಬೇಕು?

ನಮ್ಮ ದೇಶದಲ್ಲಿ ಸುರಕ್ಷತೆಯ ಲೈಸೆನ್ಸ್ ಬೇರೆ, ಅದನ್ನು ಕೊಡುವುದು ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್. ಕೇಂದ್ರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ವಿದೇಶದಿಂದ ಬಂದ ಮಾಲಿಗೂ ಅಷ್ಟೇ. ಬ್ಯಾಟರಿ, ಕರೆಂಟು ಬೇಡದ ಆಟಿಕೆಗೆ ಐಎಸ್ 9873, ವಿದ್ಯುತ್ತಿನಿಂದ ನಡೆಯುವುದಕ್ಕೆ ಐಎಸ್ 15644 ಎಂಬ ಮಾನದಂಡ. ಬಣ್ಣದಿಂದ ಹೊರಬರುವ ಸೀಸ, ಚೂಪಾದ ಅಂಚು, ಗಂಟಲಲ್ಲಿ ಸಿಕ್ಕಿಕೊಳ್ಳುವ ಚಿಕ್ಕ ಭಾಗ, ಬೆಂಕಿ ಹಿಡಿಯುವ ಗುಣ ಇವನ್ನೆಲ್ಲ ಪರೀಕ್ಷೆ ಮಾಡಿಯೇ ಲೈಸೆನ್ಸ್ ಕೊಡಬೇಕು.

ಗುರುತನ್ನು ಯಾರಾದರೂ ಅಚ್ಚು ಹಾಕಿಸಬಹುದಲ್ಲ ಎಂದು ನೀವು ಕೇಳಬಹುದು. ಹಾಕಿಸುತ್ತಾರೆ ಕೂಡ. ಅದಕ್ಕೇ ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಒಂದು ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಎಂಬ ಸರ್ಕಾರಿ ಆ್ಯಪ್ ತೆರೆದು, ಲೈಸೆನ್ಸ್ ಪರಿಶೀಲಿಸುವ ಜಾಗದಲ್ಲಿ ಆ ಸಂಖ್ಯೆ ಹಾಕಿ. ಯಾವ ಕಂಪನಿಗೆ, ಯಾವ ಮಾನದಂಡಕ್ಕೆ ಕೊಟ್ಟ ಲೈಸೆನ್ಸ್, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಬಾಕ್ಸ್ ಮೇಲಿನ ತಯಾರಕರ ಹೆಸರಿಗೂ ಅದಕ್ಕೂ ತಾಳೆಯಾಗಬೇಕು. ಪ್ರೆಷರ್ ಕುಕ್ಕರ್ ಕಂಪನಿಯ ಸಂಖ್ಯೆ ರೈಲಿನ ಬಾಕ್ಸ್ ಮೇಲಿದ್ದರೆ ಅರ್ಥ ನಿಮಗೇ ಗೊತ್ತಾಗುತ್ತದೆ.

ಇನ್ನೆರಡು ಗುರುತುಗಳ ಬಗ್ಗೆ ಗೊಂದಲ ಜಾಸ್ತಿ. ‘ಸಿಇ’ ಎಂದರೆ ‘ಚೈನಾ ಎಕ್ಸ್‌ಪೋರ್ಟ್’ ಎನ್ನುವ ಫಾರ್ವರ್ಡ್ ವರ್ಷಗಳಿಂದ ಓಡಾಡುತ್ತಿದೆ, ಅದು ಸುಳ್ಳು. ಯುರೋಪಿನ ನಿಯಮಗಳಿಗೆ ತಕ್ಕಂತೆ ಮಾಡಿದ್ದೇವೆ ಎಂದು ತಯಾರಕರು ಘೋಷಿಸುವ ಗುರುತು ಅದು. ಹೆಚ್ಚಿನ ಸಂದರ್ಭಗಳಲ್ಲಿ ತಯಾರಕರೇ ಹಾಕಿಕೊಳ್ಳುತ್ತಾರೆ. ಭಾರತದಲ್ಲಿ ಅದು ಐಎಸ್‌ಐಗೆ ಬದಲಿ ಆಗುವುದಿಲ್ಲ. ಹಾಗೆಯೇ ‘ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದ್ದು, 690ರಿಂದ ಶುರುವಾದರೆ ಚೀನಾದ್ದು’ ಎಂಬುದೂ ಅರ್ಧ ಸತ್ಯ. ಆ ಅಂಕಿಗಳು ಬಾರ್‌ಕೋಡ್ ಯಾವ ದೇಶದ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಎಂಬುದನ್ನು ತೋರಿಸುತ್ತವೆ. ಚೀನಾದಲ್ಲಿ ಮಾಡಿಸಿದ ರೈಲಿಗೆ ಭಾರತದ ಕಂಪನಿ 890ರ ಬಾರ್‌ಕೋಡ್ ಹಾಕಬಹುದು.

ಬಟನ್ ಸೆಲ್ ಬಗ್ಗೆ ಒಂದು ಮಾತು. ದೀಪ ಮಿನುಗುವ ಚಿಕ್ಕ ರೈಲುಗಳಲ್ಲಿ ನಾಣ್ಯದಂಥ ಸೆಲ್ ಇರುತ್ತದೆ. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಟ್ಟುಹೋಗಬಹುದು. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಚಿಕ್ಕ ಮಕ್ಕಳಿರುವ ಮನೆಗೆ ತರಬೇಡಿ. ನುಂಗಿದ ಅನುಮಾನ ಬಂದರೆ ಬಾಳೆಹಣ್ಣು ತಿನ್ನಿಸಿ ಕಾಯುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೊರಡಿ.

ಚನ್ನಪಟ್ಟಣದ ರೈಲಿಗೆ ಐಎಸ್‌ಐ ಇಲ್ಲವಲ್ಲ?

ಇಲ್ಲದಿರಬಹುದು, ಅದು ಕಾನೂನಿಗೆ ವಿರುದ್ಧವಲ್ಲ. 2020ರ ಡಿಸೆಂಬರ್‌ನಲ್ಲಿ ಆದೇಶಕ್ಕೆ ಮಾಡಿದ ತಿದ್ದುಪಡಿಯಲ್ಲಿ ಎರಡು ವಿನಾಯಿತಿ ಇವೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿ ಮಾಡಿದ ಆಟಿಕೆ ಒಂದು. ಭೌಗೋಳಿಕ ಸೂಚಕ, ಅಂದರೆ ಜಿಐ ನೋಂದಣಿ ಪಡೆದ ಆಟಿಕೆಯನ್ನು ಅದರ ಅಧಿಕೃತ ಬಳಕೆದಾರರು ಮಾಡಿದ್ದರೆ ಅದು ಇನ್ನೊಂದು. ಚನ್ನಪಟ್ಟಣದ ಆಟಿಕೆಗಳಿಗೂ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೂ ಜಿಐ ಇದೆ.

ಜಿಐ ಎಂದರೇನು ಎಂದು ನಮ್ಮ ಕಡೆಯವರಿಗೆ ಬಹಳ ವಿವರಿಸಬೇಕಿಲ್ಲ. ಹಡಗಲಿ ಮಲ್ಲಿಗೆಗೆ ಅದು ಸಿಕ್ಕಿದೆ. ಬೇರೆ ಕಡೆ ಬೆಳೆದ ಮಲ್ಲಿಗೆಯನ್ನು ‘ಹಡಗಲಿ ಮಲ್ಲಿಗೆ’ ಎಂದು ಮಾರುವಂತಿಲ್ಲ. ಅಷ್ಟೇ ಅದರ ಅರ್ಥ. ಹೂವು ಇವತ್ತು ಬಿಡಿಸಿದ್ದೋ ನಿನ್ನೆಯದೋ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ, ಮೂಸಿಯೇ ನೋಡಬೇಕು. ಆಟಿಕೆಗೂ ಹೀಗೇ. ಜಿಐ ಊರಿನ ಹೆಸರನ್ನು ಕಾಯುತ್ತದೆ. ಪ್ರತಿ ಆಟಿಕೆಯನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದಾರೆ ಎಂದು ಅರ್ಥವಲ್ಲ.

ಚನ್ನಪಟ್ಟಣದ ಹಳೆಯ ವಿಧಾನದಲ್ಲಿ ಒಂದು ಒಳ್ಳೆಯ ಗುಣ ಮೊದಲಿನಿಂದಲೂ ಇದೆ. ಆಲೆ ಮರದ ತುಂಡನ್ನು ಪಟಡಿ ಅಥವಾ ಮೋಟಾರ್ ಯಂತ್ರದಲ್ಲಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬ್ರಷ್‌ನಲ್ಲಿ ಹಚ್ಚಿದ ಪೇಂಟಿನಂತೆ ಇದು ಬೇಗ ಸಿಪ್ಪೆ ಏಳುವುದಿಲ್ಲ. ಅರಿಶಿನ, ನೀಲಿಯಂಥ ಸಸ್ಯಮೂಲದ ಬಣ್ಣ ಬೆರೆಸಿದರೆ ಸೀಸದ ಚಿಂತೆಯೂ ಇರುವುದಿಲ್ಲ. ಹಾಗೆಂದು ‘ಮರದ್ದು’ ಎಂದ ಕೂಡಲೇ ಎಲ್ಲವೂ ಅರಗಿನದಲ್ಲ. ಥಾಮಸ್ ಕೂಡ ಮರದ್ದೇ ಆಗಿತ್ತು! ಕೊಳ್ಳುವಾಗ ‘ಇದು ಅರಗೋ ಪೇಂಟೋ, ಬಣ್ಣ ಯಾವುದು’ ಎಂದು ಕೇಳಿ. ಮಾಡಿದವರಿಗೆ ಉತ್ತರ ಗೊತ್ತಿರುತ್ತದೆ.

ಕಪಾಟಿನಲ್ಲಿಡುವ ರೈಲು ಬೇರೆ, ಆಡುವ ರೈಲು ಬೇರೆ

ಸಂಗ್ರಹಕಾರರು ಕೊಳ್ಳುವ ಮಾದರಿ ರೈಲುಗಳು ನಿಜವಾದ ರೈಲಿನ ಅಳತೆಯನ್ನು ಇಳಿಸಿ ಮಾಡಿದವು. ಬ್ರಿಟನ್ನಿನ ‘ಡಬಲ್ ಓ’ ಮಾದರಿ 76ರಲ್ಲಿ ಒಂದು ಪಾಲು, ಅಮೆರಿಕ, ಯುರೋಪಿನ ‘ಎಚ್‌ಓ’ 87ರಲ್ಲಿ ಒಂದು ಪಾಲು. ಎರಡೂ ಓಡುವುದು 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ. ‘ಓ’ ಎಂಬ ದೊಡ್ಡ ಮಾದರಿಗೆ 32 ಮಿಲಿಮೀಟರ್ ಹಳಿ. ಕೊಟ್ಟೂರಿನ ಹಿರಿಯರಿಗೆ ಇದನ್ನು ಹೇಳುವುದು ಸುಲಭ: ಹೊಸಪೇಟೆ–ಕೊಟ್ಟೂರು ಮಾರ್ಗ ಮೀಟರ್ ಗೇಜ್ ಇದ್ದಾಗ ಬ್ರಾಡ್ ಗೇಜ್ ಬೋಗಿ ಅದರ ಮೇಲೆ ಬರುವಂತಿರಲಿಲ್ಲ, ಇದೂ ಹಾಗೆಯೇ. ಈಗ ಅದೇ ಹಳಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ದಾಟಿ ಹರಿಹರ ಮುಟ್ಟುತ್ತದೆ. ಕೂಡ್ಲಿಗಿ, ಹಡಗಲಿ ಪಟ್ಟಣಗಳಿಗೆ ಮಾತ್ರ ರೈಲಿಲ್ಲ. ಅಲ್ಲಿನ ಎಷ್ಟೋ ಮಕ್ಕಳು ಮೊದಲು ಕಾಣುವುದು ಆಟಿಕೆ ರೈಲನ್ನೇ.

ಸಂಗ್ರಹದ ಮಾದರಿಗಳ ಬಾಕ್ಸ್ ಮೇಲೆ ‘14 ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿರುತ್ತದೆ. ಯುರೋಪಿನ ಆಟಿಕೆ ಸುರಕ್ಷತಾ ನಿಯಮದಲ್ಲಿ ಇಂಥ ಮಾದರಿಗಳನ್ನು ಆಟಿಕೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ ಆಟಿಕೆಗೆ ಮಾಡುವ ಪರೀಕ್ಷೆ ಇವಕ್ಕೆ ಆಗಿರಬೇಕೆಂದಿಲ್ಲ. ಹದಿನೈದು ಸಾವಿರದ ರೈಲು ಇನ್ನೂರು ರೂಪಾಯಿಯ ರೈಲಿಗಿಂತ ಮಗುವಿಗೆ ಸುರಕ್ಷಿತ ಎಂದು ಬೆಲೆ ನೋಡಿ ತೀರ್ಮಾನಿಸುವಂತಿಲ್ಲ. ವಿದೇಶದಲ್ಲಿರುವ ನೆಂಟರು ತಂದುಕೊಟ್ಟ ಬಾಕ್ಸನ್ನು ಬಿಚ್ಚುವ ಮುನ್ನ ಆ 14 ಎಂಬ ಅಂಕಿಯನ್ನು ಹುಡುಕಿ.

ಕಂಪನಿಗಳ ಜಗಳ

ಹ್ಯಾರಿ ಪಾಟರ್ ಮೊದಲ ಸಿನಿಮಾ 2001ರಲ್ಲಿ ಬಂತು. ಅದರ ಕೆಂಪು ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್ ಎಳೆದದ್ದು 1937ರಲ್ಲಿ ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ ತಯಾರಾದ ‘ಓಲ್ಟನ್ ಹಾಲ್’ ಎಂಬ ನಿಜವಾದ ಉಗಿ ಎಂಜಿನ್, ಸಂಖ್ಯೆ 5972. ಸಿನಿಮಾಗಾಗಿ ಅದಕ್ಕೆ ಕೆಂಪು ಬಣ್ಣ ಬಳಿದು ‘ಹಾಗ್ವರ್ಟ್ಸ್ ಕ್ಯಾಸಲ್’ ಎಂಬ ಫಲಕ ಹಾಕಿದರು. ಆ ರೈಲಿನ ಮಾದರಿ ಮಾಡುವ ಹಕ್ಕು ಬ್ರಿಟನ್ನಿನಲ್ಲಿ ಹಾರ್ನ್‌ಬಿಗೆ, ಅಮೆರಿಕದಲ್ಲಿ ಬಾಕ್‌ಮನ್‌ಗೆ ಹೋಯಿತು. ಹಾರ್ನ್‌ಬಿ ತನ್ನ ಮೊದಲ ಮಾದರಿಗೆ ಬಳಸಿದ್ದು ಬೇರೊಂದು ದರ್ಜೆಯ, ‘ಕ್ಯಾಸಲ್’ ಎಂಜಿನ್ನಿನ ಅಚ್ಚು. ಸಂಗ್ರಹಕಾರರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಹೊಸ ಅಚ್ಚು ಮಾಡಿಸುವುದು ದುಬಾರಿ, ಇರುವುದಕ್ಕೆ ಬಣ್ಣ ಬಳಿದು ಹೆಸರು ಹಾಕುವುದು ಅಗ್ಗ. ಲೈಸೆನ್ಸ್ ಪಡೆದ ಆಟಿಕೆಗಳ ಲೋಕದಲ್ಲಿ ಇದು ಮಾಮೂಲಿ.

ಇನ್ನೂ ಸ್ವಾರಸ್ಯದ ಸಂಗತಿ ತಯಾರಿಕೆಯದು. ಬಾಕ್‌ಮನ್ 1987ರಿಂದ ಹಾಂಗ್‌ಕಾಂಗ್‌ನ ಕೇಡರ್ ಎಂಬ ಸಮೂಹದ ಕೈಯಲ್ಲಿದೆ. ಹಾರ್ನ್‌ಬಿಗೆ ಚೀನಾದಲ್ಲಿ ರೈಲು ಮಾಡಿಕೊಡುತ್ತಿದ್ದದ್ದು ಸಾಂಡಾ ಕಾನ್ ಎಂಬ ಕಾರ್ಖಾನೆ. 2008ರ ಕೊನೆಯ ಸುಮಾರಿಗೆ ಕೇಡರ್ ಆ ಕಾರ್ಖಾನೆಯನ್ನೇ ಕೊಂಡುಕೊಂಡಿತು. ಅಂದರೆ ಹಾರ್ನ್‌ಬಿಯ ರೈಲು ಎದುರಾಳಿಯ ಮನೆಯವರ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದಿನ ವರ್ಷಗಳಲ್ಲಿ ಹಾರ್ನ್‌ಬಿಗೆ ಮಾಲು ಸರಿಯಾಗಿ ಸಿಗದೆ ಪರದಾಟವಾಯಿತು, ಬೇರೆ ಕಾರ್ಖಾನೆಗಳನ್ನು ಹುಡುಕಬೇಕಾಯಿತು.

ಅಮೆರಿಕದಲ್ಲಿ ಜಗಳ ಕೋರ್ಟಿಗೇ ಹೋಯಿತು. ಲಯನೆಲ್ ಎಂಬ ಹಳೆಯ ಕಂಪನಿಗಾಗಿ ಕೊರಿಯಾದಲ್ಲಿ ಕೆಲಸ ಮಾಡುತ್ತಿದ್ದವರು ನಮ್ಮ ಎಂಜಿನ್ನಿನ ನಕ್ಷೆ ಕದ್ದಿದ್ದಾರೆ ಎಂದು ಎಂಟಿಎಚ್ ಎಂಬ ಎದುರಾಳಿ 2000ದಲ್ಲಿ ದಾವೆ ಹೂಡಿತು. 2004ರ ಜೂನ್‌ನಲ್ಲಿ ತೀರ್ಪುಗಾರರ ಮಂಡಳಿ ಎಂಟಿಎಚ್‌ಗೆ ಸುಮಾರು 4 ಕೋಟಿ ಡಾಲರ್ ಕೊಡಬೇಕೆಂದಿತು. ನವೆಂಬರ್‌ನಲ್ಲಿ ಲಯನೆಲ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅದೇ ತಿಂಗಳು ‘ದಿ ಪೋಲಾರ್ ಎಕ್ಸ್‌ಪ್ರೆಸ್’ ಸಿನಿಮಾ ತೆರೆಕಂಡಿತು. ಅದರ ರೈಲಿನ ಲೈಸೆನ್ಸ್ ಲಯನೆಲ್ ಬಳಿಯೇ ಇತ್ತು, ಆ ಸೆಟ್ ಚೆನ್ನಾಗಿ ಮಾರಾಟವಾಯಿತು. 2006ರ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಮೊದಲ ತೀರ್ಪನ್ನು ರದ್ದು ಮಾಡಿತು. ಆಮೇಲೆ ರಾಜಿಯಾಗಿ, 2008ರಲ್ಲಿ ಲಯನೆಲ್ ದಿವಾಳಿಯಿಂದ ಹೊರಬಂತು. ಎಂಟಿಎಚ್ ಮಾಲೀಕರು ವ್ಯಾಪಾರ ಕಿರಿದು ಮಾಡಿ ನಿವೃತ್ತರಾಗುವ ಹೊತ್ತಿಗೆ ಅವರ ಕೆಲವು ಅಚ್ಚುಗಳನ್ನು ಕೊಂಡದ್ದೂ ಲಯನೆಲ್ಲೇ.

ನಿಜವಾದ ರೈಲ್ವೆ ಕಂಪನಿಗಳೂ ಸುಮ್ಮನಿರಲಿಲ್ಲ. ನಮ್ಮ ಹೆಸರು, ಲಾಂಛನ ಬಳಸಲು ಲೈಸೆನ್ಸ್ ಬೇಕು ಎಂದು ಅಮೆರಿಕದ ಯೂನಿಯನ್ ಪೆಸಿಫಿಕ್ ರೈಲ್ವೆ 2004ರಲ್ಲಿ ಲಯನೆಲ್ ಮತ್ತು ಇನ್ನೊಂದು ಮಾದರಿ ಕಂಪನಿಯ ಮೇಲೆ ಮೊಕದ್ದಮೆ ಹಾಕಿತು. 2006ರ ರಾಜಿಗಳ ನಂತರ ರಾಯಧನವಿಲ್ಲದೆ ಬಳಸಲು ಒಪ್ಪಿತು.

ಈ ಕಥೆಗಳಿಗೂ ನಮಗೂ ಏನು ಸಂಬಂಧ ಎನ್ನಬೇಡಿ. ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು, ಸುಮಾರು 400 ಎಕರೆ ಜಾಗ. ಜಗತ್ತಿನ ದೊಡ್ಡ ಬ್ರಾಂಡುಗಳಿಗೆ ಆಟಿಕೆ ಮಾಡಿಕೊಡುವ ಕೆಲಸ ಹಗರಿಬೊಮ್ಮನಹಳ್ಳಿಯಿಂದ ಹೆಚ್ಚು ದೂರವಿಲ್ಲದ ಊರಿಗೆ ಬಂದಿದೆ. ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು ಎಂಬ ಪದ್ಧತಿ ಈಗ ನಮ್ಮ ಪಕ್ಕದಲ್ಲೇ ಇದೆ.

ಲಿಮಿಟೆಡ್ ಎಡಿಷನ್ ಕೊಂಡರೆ ಲಕ್ಷ ಬರುತ್ತದೆಯೇ?

ಕೆಲವು ಹಳೆಯ, ಕಡಿಮೆ ಸಂಖ್ಯೆಯ, ಬಾಕ್ಸ್ ಸಮೇತ ಉಳಿದ ಮಾದರಿಗಳಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಬರುತ್ತದೆ. ಫಾರ್ವರ್ಡ್‌ನಲ್ಲಿ ಬರುವುದು ಆ ಕೆಲವೇ ಕಥೆಗಳು. ಸಿನಿಮಾ ರೈಲುಗಳಲ್ಲಿ ತೊಂದರೆ ಏನೆಂದರೆ, ಲೈಸೆನ್ಸ್ ನವೀಕರಣವಾದಾಗೆಲ್ಲ ಹೊಸ ಆವೃತ್ತಿ ಬರುತ್ತದೆ. ಲೆಗೋ ಕಂಪನಿಯ ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್ ನೋಡಿ: 2001, 2004, 2010, 2018, ಮತ್ತೆ 2022ರಲ್ಲಿ 5,129 ತುಂಡುಗಳ ದೊಡ್ಡ ಸೆಟ್. ‘ಇನ್ನು ಸಿಗುವುದಿಲ್ಲ’ ಎಂದ ರೈಲು ಐದು ಸಲ ಬಂತು. ‘ಲಿಮಿಟೆಡ್’ ಎಂಬ ಪದಕ್ಕೆ ಇಷ್ಟೇ ಸಂಖ್ಯೆ ಎಂಬ ನಿಯಮವೂ ಇಲ್ಲ. ಬಾಕ್ಸ್ ಮೇಲೆ ಒಟ್ಟು ಎಷ್ಟು ಮಾಡಿದ್ದಾರೆ ಎಂದು ಬರೆದಿಲ್ಲದಿದ್ದರೆ ಅದು ಬರೀ ಜಾಹೀರಾತು.

ಭಾರತದಲ್ಲಿ ಇನ್ನೊಂದು ಪೆಟ್ಟು ಆಮದು ಸುಂಕದ್ದು. ಆಟಿಕೆಗಳ ಮೇಲೆ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದ್ದರು. ಹಾಗೆ ಸುಂಕ ಕಟ್ಟಿ ಬಂದ ರೈಲು ಇಲ್ಲಿ ದುಬಾರಿ, ಆದರೆ ಮರುಮಾರಾಟಕ್ಕೆ ಕೊಳ್ಳುವವರು ಇರುವುದು ಲಂಡನ್, ನ್ಯೂಯಾರ್ಕ್‌ನಲ್ಲಿ. ಕೊಟ್ಟ ಸುಂಕವನ್ನು ಅವರು ಕೊಡುವುದಿಲ್ಲ. ಇಷ್ಟವಿದ್ದರೆ ಇಷ್ಟಕ್ಕೆ ಕೊಳ್ಳಿ. ಮಗಳ ಮದುವೆಗೆ ಎಂದು ಕೊಳ್ಳಬೇಡಿ. ‘ಮುಂಗಡ ಹಾಕಿ, ಸ್ಟಾಕ್ ಮುಗಿಯುತ್ತಿದೆ’ ಎಂಬ ಲಿಂಕ್ ಬಂದರೆ ಹಣ ಕಳಿಸುವ ಮುನ್ನ ಮಾರುವವರ ವಿಳಾಸ, ಜಿಎಸ್‌ಟಿ ಸಂಖ್ಯೆ ನೋಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ನಮ್ಮೂರಿನ ಬಡಿಗೇರರು ಮಾಡಬಹುದೇ?

ಮರದ ಎಂಜಿನ್‌ಗೆ ಥಾಮಸ್‌ನ ಮುಖ ಬರೆದು, ಅಥವಾ ಛೋಟಾ ಭೀಮ್ ಸ್ಟಿಕ್ಕರ್ ಅಂಟಿಸಿ ಅನುಮತಿ ಇಲ್ಲದೆ ಮಾರುವಂತಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯಲ್ಲೂ ಟ್ರೇಡ್ ಮಾರ್ಕ್ ಕಾಯ್ದೆಯಲ್ಲೂ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಗೊತ್ತಿದ್ದೂ ಮಾರುವ ಅಂಗಡಿಯವರಿಗೂ ಇದು ತಟ್ಟಬಹುದು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಮಾಲ್ಗುಡಿ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಸರಣಿಗೆ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣದಲ್ಲಿ ಚಿತ್ರೀಕರಣ ನಡೆದಿತ್ತು. ಅಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ. ಮಾಲ್ಗುಡಿ ಎಕ್ಸ್‌ಪ್ರೆಸ್ ಎಂಬ ರೈಲಿನ ಹೆಸರೂ ಬಂತು. ಇಂಥದೊಂದು ಆಟಿಕೆ ಮಾಡಿದರೆ ಚೆನ್ನಾಗಿರುತ್ತದೆ ಎಂದು ಯಾರಿಗಾದರೂ ಅನ್ನಿಸಿದರೆ ಅನುಮತಿ ಎಷ್ಟು ಕಡೆ ಕೇಳಬೇಕು ನೋಡಿ. ನಮ್ಮ ಕಾನೂನಿನಲ್ಲಿ ಲೇಖಕರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಆರ್.ಕೆ. ನಾರಾಯಣ್ ತೀರಿಕೊಂಡದ್ದು 2001ರಲ್ಲಿ, ಅವರ ಕಥೆಗಳ ಹಕ್ಕು 2061ರ ಕೊನೆವರೆಗೆ. ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್ 2015ರಲ್ಲಿ ತೀರಿಕೊಂಡರು, ಅವರ ಚಿತ್ರಗಳ ಹಕ್ಕು 2075ರ ಕೊನೆವರೆಗೆ. ಟಿವಿ ಸರಣಿಯ ಹಕ್ಕು ಬೇರೆ, ರೈಲ್ವೆ ಇಲಾಖೆಯ ಲಾಂಛನ ಬೇರೆ.

ಆದರೆ ಮರದ ರೈಲು ಎಂಬ ಕಲ್ಪನೆ ಯಾರಪ್ಪನ ಸ್ವತ್ತೂ ಅಲ್ಲ. ಕೆಂಪು ಉಗಿ ಎಂಜಿನ್ನೂ ಅಲ್ಲ. ಸಿನಿಮಾದ ಹೆಸರು, ಮುಖ, ಲೋಗೊ ಹಾಕದೆ, ತಮ್ಮದೇ ವಿನ್ಯಾಸದಲ್ಲಿ ‘ಕೊಟ್ಟೂರು ಪ್ಯಾಸೆಂಜರ್’ ಎಂದು ಹೆಸರಿಟ್ಟು ಹರಪನಹಳ್ಳಿಯವರೋ ಕೂಡ್ಲಿಗಿಯವರೋ ರೈಲು ಮಾಡಿದರೆ ಯಾವ ಸಿನಿಮಾ ಕಂಪನಿಗೂ ರಾಯಧನ ಕಟ್ಟಬೇಕಿಲ್ಲ. ಮಾರಲು ಬೇಕಿರುವುದು ಬಿಐಎಸ್ ಲೈಸೆನ್ಸ್. ಕೈಕಸುಬಿನವರಾಗಿದ್ದರೆ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ನೋಂದಣಿ, ಅದರ ಗುರುತಿನ ಚೀಟಿಗೆ ‘ಪೆಹಚಾನ್’ ಕಾರ್ಡ್ ಎನ್ನುತ್ತಾರೆ. ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಿಲ್ಲ ಎಂದು ಬರೆದಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಮನೆಗೆ, ಗೃಹಾಲಂಕಾರಕ್ಕೆ ಬಳಸುವ ಪೇಂಟುಗಳಿಗೆ ಈ ಮಿತಿ 2017ರ ನವೆಂಬರ್‌ನಿಂದ ದೇಶದಲ್ಲಿ ಕಡ್ಡಾಯವಾಗಿದೆ.